ಅವ್ವನ ಕೋಣೆಯ ಕ್ಯಾಮೆರಾ

ನಿಪ್ಪಾಣಿ, ಭಾನುವಾರ

ಸಮ್ಮೇದ,

ನಿನ್ನ ಒಂದು ಫೋನನ್ನೂ ನಾನು ಎತ್ತಿಲ್ಲ, ಎತ್ತುವುದೂ ಇಲ್ಲ. ಮಾತಿಗೆ ಕೂತರೆ ನೀನು ಯಾವಾಗಲೂ ಗೆಲ್ಲುತ್ತೀ. ಕಾಗದದ ನಡುವೆ ನೀನು ಬಾಯಿ ಹಾಕಲಾರೆ ಎಂದೇ ಬರೆಯುತ್ತಿದ್ದೇನೆ. ಅಕ್ಕ ಮಂದಿಯ ಮುಂದೆ ನನ್ನ ಮರ್ಯಾದೆ ತೆಗೆದಳು, ಅವ್ವನನ್ನು ಹಟಕ್ಕೆ ಬಿದ್ದು ಒಯ್ದಳು ಎಂದು ಕಾಗವಾಡದ ತುಂಬ ಹೇಳಿಕೊಂಡು ತಿರುಗುತ್ತಿದ್ದೀಯಂತೆ. ಮರ್ಯಾದೆಯ ಮಾತು ನೀನೇ ತೆಗೆದಿದ್ದೀ. ಹಾಗಾದರೆ ಓದು.

ನಮ್ಮವ್ವ ಚಂದ್ರಮತಿ ಯಾರು ಎನ್ನುವುದು ನಿನಗೆ ಮರೆತೇಹೋಗಿದೆ. ಮರೆವಿನ ರೋಗ ಬಂದದ್ದು ಅವಳಿಗೆ. ನೀನು ಮರೆತದ್ದಕ್ಕೆ ಯಾವ ರೋಗದ ನೆಪವೂ ಇಲ್ಲ. ಅಪ್ಪ ಹೋದ ಮೇಲೆ ಎಮ್ಮೆ ಕಟ್ಟಿ, ಡೇರಿಗೆ ಹಾಲು ಹಾಕಿ ನಮ್ಮಿಬ್ಬರನ್ನೂ ಓದಿಸಿದವಳು. ಹೆರಿಗೆಯ ನೋವಿನಲ್ಲೂ ಸೆರಗು ಸರಿ ಮಾಡಿಕೊಂಡವಳೆಂದು ದೊಡ್ಡವ್ವ ನಗುತ್ತಿದ್ದಳು. ಮಗಳಾದ ನಾನೇ ಅವಳ ಬರಿ ಬೆನ್ನನ್ನು ನೋಡಿದವಳಲ್ಲ.

ಕಳೆದ ತಿಂಗಳು ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿ ನಿನ್ನ ಗೊಬ್ಬರದ ಅಂಗಡಿಗೆ ಬಂದೆ. ನೆರೆಮನೆಯ ದಾದಾಸಾಹೇಬ ಕಾಕಾ ನಿನ್ನ ಪಕ್ಕದಲ್ಲೇ ಕೂತಿದ್ದರು. ಅವ್ವನನ್ನು ನೋಡಿಕೊಳ್ಳುತ್ತಿದ್ದ ಹೆಂಗಸು ಕೆಲಸ ಬಿಟ್ಟಳು, ಏಜೆನ್ಸಿಯವರು ಈಗ ವಿಕ್ರಾಂತ ಎಂಬವನನ್ನು ಕಳಿಸಿದ್ದಾರೆ, ಬಹಳ ಚುರುಕು ಎಂದು ಹೊಗಳುತ್ತ ನೀನು ಫೋನನ್ನು ನನ್ನ ಕಡೆ ತಿರುಗಿಸಿದೆ. "ನೋಡಕ್ಕಾ, ಎಷ್ಟ ಕ್ಲೀನಾಗಿ ಮಾಡತಾನ."

ಅವ್ವನ ಕೋಣೆಯಲ್ಲಿ ಕ್ಯಾಮೆರಾ ಇದೆಯೆಂದು ನನಗೆ ಗೊತ್ತಾದದ್ದು ಹಾಗೆ. ನಾನು ಕಂಡದ್ದು ನಮ್ಮವ್ವನನ್ನು, ಸೊಂಟದ ಕೆಳಗೆ ಒಂದು ಎಳೆ ಬಟ್ಟೆಯಿಲ್ಲದೆ. ಡೈಪರ್ ಬದಲಿಸಲು ಅವನು ಅವಳನ್ನು ಹೊರಳಿಸುತ್ತಿದ್ದ. ದಾದಾಸಾಹೇಬ ಕಾಕಾ ಬಗ್ಗಿ ನೋಡಿದರು, ಏನೆಂದು ತಿಳಿಯುತ್ತಲೇ ಎದ್ದು ಚಪ್ಪಲಿ ಮೆಟ್ಟಿ ಹೊರಟುಹೋದರು. ಆ ಮನುಷ್ಯ ಎದುರು ಬಂದರೆ ಅವ್ವ ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದಳು. ಪರರಾದ ಅವರಿಗೆ ನಾಚಿಕೆಯಾಯಿತು. ನೀನು ಚಹಾ ತರಿಸಲೇ ಎಂದು ಕೇಳಿದೆ. ನಾನು ಫೋನು ಕಸಿದುಕೊಂಡಾಗ ನೀನು ಆಡಿದ ಮಾತು ಇದು: "ಅವ್ವಗ ಏನ ತಿಳಿತೈತಿ? ಕಾವಲಿಗಿ ಇರಲಿ ಅಂತ ಹಾಕ್ಸೇನಿ."

ಮನೆಗೆ ಹೋದೆ. ಅವ್ವನ ಎರಡೂ ಮಣಿಕಟ್ಟಿನ ಮೇಲೆ ಬಳೆಯಂತೆ ನೀಲಿ ಗುರುತು. ವಿಕ್ರಾಂತ ಏನನ್ನೂ ಮುಚ್ಚಿಡಲಿಲ್ಲ. ಬಟ್ಟೆ ಬಿಚ್ಚುವಾಗ ಹೊಡೆಯುತ್ತಾರೆ, ಪರಚುತ್ತಾರೆ, ನಾಲ್ಕು ಗಂಟೆಯೊಳಗೆ ಇನ್ನೊಂದು ಮನೆಗೆ ಹೋಗಬೇಕು ಎಂದ. ಆಮೇಲೆ ನೆಲ ನೋಡುತ್ತ ಅಂದ: "ಸಮ್ಮೇದ ಸಾಹೇಬ್ರ ಅವ್ರ ಕೈ ಕಟ್ಟ ಅಂದಾರ್ರಿ." ಅವನು ಏಜೆನ್ಸಿಗೆ ಬರೆದಿಡುವ ಪುಸ್ತಕದಲ್ಲಿ ದಿನದಿನವೂ ಒಂದೇ ಸಾಲು, ರೋಗಿ ಹೊಡೆಯುತ್ತಾರೆ ಎಂದು. ಯಾಕೆ ಹೊಡೆಯುತ್ತಾರೆ ಎಂದು ಬರೆಯಲು ಅದರಲ್ಲಿ ಜಾಗವಿರಲಿಲ್ಲ. ಗುರುತಿಲ್ಲದ ಗಂಡಸೊಬ್ಬ ಮಾತಿಲ್ಲದೆ ಸೀರೆಗೆ ಕೈ ಹಾಕಿದರೆ ಯಾವ ಹೆಂಗಸು ಸುಮ್ಮನಿರುತ್ತಾಳೆ ಹೇಳು. ಅವಳು ತನ್ನನ್ನು ಕಾಪಾಡಿಕೊಳ್ಳುತ್ತಿದ್ದಳು. ನೀನು ಅಂಗಡಿಯಲ್ಲಿ ಕೂತು ಅದನ್ನೆಲ್ಲ ನೋಡುತ್ತಿದ್ದೆ. ಅವನ ಮೇಲೆ ನನಗೆ ಸಿಟ್ಟಿದೆ, ಆದರೆ ನಿನ್ನ ಮೇಲಿರುವುದಕ್ಕೆ ಸಿಟ್ಟು ಎನ್ನುವ ಮಾತು ಸಾಲದು.

ಅಂದೇ ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದೆ. ಸೋಮವಾರ ಬೆಳಿಗ್ಗೆ ಸ್ನಾನಕ್ಕೆ ಕರೆದೊಯ್ದು, ಶಾಲೆಗೆ ಹೊತ್ತಾಗುತ್ತದೆಂದು ನಾನೂ ಅವಸರದಿಂದ ಕುಪ್ಪಸದ ಗುಂಡಿಗೆ ಕೈ ಹಾಕಿದೆ. ಕಪಾಳಕ್ಕೆ ಹೊಡೆದಳು. ಉಗುರು ಗಲ್ಲ ಸೀಳಿತು. ರಕ್ತ ಒರೆಸಿಕೊಳ್ಳುತ್ತ ಬಚ್ಚಲಿನ ಹೊಸ್ತಿಲ ಮೇಲೆ ಕೂತೆ. ನನಗೂ ನಿನಗೂ ಆ ಗಳಿಗೆಯಲ್ಲಿ ಏನೂ ಅಂತರವಿರಲಿಲ್ಲ, ಬರೆಯಲು ಕಷ್ಟವಾದರೂ ಬರೆಯುತ್ತೇನೆ.

ಶಾಲೆಗೆ ರಜೆ ಹೇಳಿದೆ. ಅವಳು ಮೊದಲು ಹೇಗೆ ಮೀಯುತ್ತಿದ್ದಳೆಂದು ನೆನಪು ಮಾಡಿಕೊಂಡೆ. ಸೀರೆಯೊಳಗಿನ ಪರಕರವನ್ನು ಎದೆಯವರೆಗೆ ಏರಿಸಿ ಕಟ್ಟಿಕೊಂಡು, ಒದ್ದೆ ಬಟ್ಟೆಯ ಒಳಗಿನಿಂದಲೇ ಮೈ ತಿಕ್ಕಿಕೊಳ್ಳುತ್ತಿದ್ದಳು. ಹಾಗೆಯೇ ಕಟ್ಟಿದೆ. ತಂಬಿಗೆಯನ್ನು ಅವಳ ಕೈಗೇ ಕೊಟ್ಟೆ. ಮೊದಲ ತಂಬಿಗೆಯನ್ನು ಪಾದಕ್ಕೆ ಹಾಕಿಕೊಂಡಳು, ಎರಡನೆಯದನ್ನು ಮೊಣಕಾಲಿಗೆ. ಆಮೇಲೆ ಸಟ್ಟನೆ ನಿಲ್ಲಿಸಿ ನನ್ನ ಹಿಂದೆ ನೋಡಿದಳು.

"ಬಾಗ್ಲಾ ಹಾಕಿಯೇನ, ಬಾಯಿ?"

ಪರ ಹೆಂಗಸನ್ನು ಕರೆಯುವಂತೆ ಬಾಯಿ ಎಂದಳು. ನನ್ನ ಹೆಸರು ಅವಳಿಗೆ ಗೊತ್ತಿಲ್ಲ, ಸಮ್ಮೇದ. ನಾನು ಮಗಳೆಂಬುದೂ ಗೊತ್ತಿಲ್ಲ. ಬಾಗಿಲು ಹಾಕಬೇಕೆಂಬುದು ಗೊತ್ತಿದೆ. ಅವ್ವನಿಗೆ ಏನು ತಿಳಿಯುತ್ತದೆ ಎಂದು ಕೇಳಿದ್ದೆಯಲ್ಲ, ಇದು ತಿಳಿಯುತ್ತದೆ.

ನಾನು ಶಾಲೆಗೆ ಹೋದಾಗ ಈಗ ಅಕ್ಕುತಾಯಿ ಎಂಬ ಹೆಂಗಸು ಇರುತ್ತಾಳೆ. ಅವಳೂ ಸಂಬಳಕ್ಕೇ ಬರುವವಳು. ಮುಟ್ಟುವ ಮೊದಲು, "ಚಂದ್ರವ್ವಾ, ಸೀರಿ ಬಿಡಸ್ಲೇನ್ರಿ?" ಎಂದು ಕೇಳುತ್ತಾಳೆ. ಅವ್ವ ಒಲ್ಲೆ ಎಂದರೆ ಹೊರಗೆ ಬಂದು ಅಕ್ಕಿ ಆರಿಸುತ್ತ ಕೂರುತ್ತಾಳೆ, ಅರ್ಧ ಗಂಟೆ ಬಿಟ್ಟು ಮತ್ತೆ ಕೇಳುತ್ತಾಳೆ. ಕೆಲವು ದಿನ ಸ್ನಾನವೇ ಆಗುವುದಿಲ್ಲ, ಮನೆಯಲ್ಲಿ ವಾಸನೆ ಬರುತ್ತದೆ. ಬರಲಿ. ಮಣಿಕಟ್ಟಿನ ನೀಲಿ ಹೋಗಿದೆ.

ನಿನ್ನ ಫೋನಿನಲ್ಲಿ ಉಳಿದಿರುವುದನ್ನೆಲ್ಲ ಅಳಿಸು. ಅಳಿಸಿದ ಮೇಲೆ ಬೇಕಾದರೆ ಬಾ, ಫೋನಿಲ್ಲದೆ, ಬರಿಗೈಯಲ್ಲಿ. ಮಗ ಎಂದು ಹೇಳಿಕೊಂಡು ಒಳಗೆ ನುಗ್ಗಬೇಡ, ಹೊರಗೆ ನಿಂತು ಬರಲೇ ಎಂದು ಅವಳನ್ನು ಕೇಳು. ಬೇಡ ಎಂದರೆ ಹಾಗೆಯೇ ತಿರುಗಿ ಹೋಗು, ನಾನು ನಡುವೆ ಬರುವುದಿಲ್ಲ.

ಕಾಗದದ ಕೊನೆಗೆ ತಮ್ಮನಿಗೆ ಹರಸಬೇಕು. ನಿನಗೂ ಮುಪ್ಪು ಬರುತ್ತದೆ. ಆಗ ನಿನ್ನ ಮೈ ತೊಳೆಯುವವರು, ಮುಟ್ಟುವ ಮೊದಲು ನಿನ್ನನ್ನು ಕೇಳಲಿ. ಇಷ್ಟು ಸಿಟ್ಟಿನಲ್ಲೂ ನಿನಗೆ ಇದಕ್ಕಿಂತ ಕೆಟ್ಟದ್ದನ್ನು ಬಯಸಲು ನನ್ನಿಂದ ಆಗಲಿಲ್ಲ.

ನಿನ್ನ ಅಕ್ಕ,
ಪ್ರಾಜಕ್ತಾ