‘ಇರು’ ಅಂದವರೇ ಬರಬೇಕು

ಆರ್ಲೋ ಮಹಾಶಯನಿಗೆ,

ಮೇಳದ ಮೈದಾನದಲ್ಲಿ ಅಷ್ಟು ಜನರೆದುರು ನೀನು ಮುಖ ಕೆಂಪಗೆ ಮಾಡಿಕೊಂಡು ಟ್ರಕ್ಕು ಹತ್ತಿ ಹೋಗಿಬಿಟ್ಟೆ. ನಿನಗೆ ಹೇಳಬೇಕಾದ್ದು ನನ್ನ ಬಾಯಲ್ಲೇ ಉಳಿಯಿತು. ನಾಯಿಯನ್ನು ನಾನು ಕೊಡುವುದಿಲ್ಲ. ಅದನ್ನು ಮೊದಲೇ ಹೇಳಿದ್ದೇನೆ, ಉಳಿದದ್ದನ್ನು ಬೇಕಾದರೆ ಓದು, ಬೇಡದಿದ್ದರೆ ಬಿಡು.

ಟಿಲ್ಲಿ ನಿನ್ನ ಕೈಯಲ್ಲಿ ಪಳಗಿದವಳು, ಒಪ್ಪುತ್ತೇನೆ. ನಮ್ಮ ಕಣಿವೆಯ ಅರ್ಧ ನಾಯಿಗಳು ಕಲಿತದ್ದು ನಿನ್ನ ಹತ್ತಿರವೇ. ಪ್ರತಿ ಶನಿವಾರ ಅವುಗಳ ಯಜಮಾನರನ್ನು ನಮ್ಮ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ನೀನು ಬೈಯುತ್ತಿದ್ದೆ: "ರೀ, 'ಇರು' ಅಂದ್ಮೇಲೆ ದೂರದಿಂದ ಕರೀಬೇಡ್ರಿ! ಯಾರು ಅಂದ್ರೋ ಅವ್ರೇ ವಾಪಸ್ ಹೋಗಿ, ಪಕ್ಕದಲ್ಲಿ ನಿಂತು ಏಳಿಸ್ಬೇಕು. ಇಲ್ಲಾಂದ್ರೆ ನಾಯಿಗೆ ನಿಮ್ಮಾತಿನ ಮೇಲೆ ನಂಬಿಕೆನೇ ಹೋಗ್ಬಿಡತ್ತೆ." ಅಡುಗೆಮನೆಯ ಕಿಟಕಿಯಲ್ಲಿ ನಿಂತು ಕೇಳುತ್ತಾ, ಎಂಥವನನ್ನು ಮದುವೆಯಾದೆ ಎಂದು ಹಿಗ್ಗುತ್ತಿದ್ದೆ ನಾನು.

ಆ ಮಾರ್ಚ್‌ನಲ್ಲಿ ನೀನು ಹೊರಟಾಗ, ಟ್ರಕ್ಕಿನ ಹಿಂದೆ ಓಡಬಾರದೆಂದು ಅವಳನ್ನು ಜಗಲಿಯ ಮೇಲೆ ಮಲಗಿಸಿ "ಇರು" ಎಂದೆ. ನನಗೂ ಅದನ್ನೇ ಅಂದೆ: "ನೀನೂ ಇಲ್ಲೇ ಇರು, ಬಿಲಿಂಗ್ಸ್ ಊರಲ್ಲಿ ಕೆಲ್ಸ ಮುಗ್ಸಿ ಬಂದ್ಬಿಡ್ತೀನಿ." ಸಂಜೆಗೆ ಹಿಮ ಸುರಿಯತೊಡಗಿತು. ಟಿಲ್ಲಿ ಏಳಲಿಲ್ಲ. ನಾನು ಮಾಂಸದ ಚೂರು ತೋರಿಸಿದೆ, ಗದರಿದೆ, ಅತ್ತೂಬಿಟ್ಟೆ. ನಿನ್ನ ಮಾತಿನ ಮೇಲೆ ಅವಳಿಗೆ ಅಷ್ಟು ನಂಬಿಕೆ. ಕೊನೆಗೆ ಬೆನ್ನ ಮೇಲಿನ ಹಿಮದ ಸಮೇತ ಎತ್ತಿಕೊಂಡು ಒಳಗೆ ತಂದೆ. ನಿನ್ನ ಬಿಲಿಂಗ್ಸಿನ ಕೆಲಸಕ್ಕೆ ಹೊಂಬಣ್ಣದ ಕೂದಲಿದೆ ಎಂದು ನನಗೆ ಗೊತ್ತಾದದ್ದು ಬೇಸಿಗೆಯಲ್ಲಿ.

ಆಮೇಲೆ 'ಇರು' ಎಂದರೆ ಸಾಕು, ಟಿಲ್ಲಿ ನಡುಗುತ್ತಿದ್ದಳು. ನಾನು ಪಾಠವನ್ನು ಮೊದಲಿನಿಂದ ಶುರುಮಾಡಿದೆ. ಒಂದು ಹೆಜ್ಜೆ ಆಚೆ ಹೋಗಿ ವಾಪಸ್ ಬಂದು ಚೀಸ್ ಚೂರು ಕೊಟ್ಟೆ. ಬಾಗಿಲಾಚೆ ಹೋಗಿ ಬಂದೆ. ಕಾರು ಸ್ಟಾರ್ಟ್ ಮಾಡಿ, ಆರಿಸಿ, ಬಂದೆ. ಗೇಟಿನವರೆಗೆ ಓಡಿಸಿ, ತಿರುಗಿಸಿಕೊಂಡು ಬಂದೆ. ಪಕ್ಕದ ಮನೆಯ ಬರ್ನೀಸ್ ಮುದುಕಿ ಬೇಲಿಗೆ ಒರಗಿ, "ಏನೇ ನೋರೀನ್, ತಲೆ ಕೆಟ್ಟಿದ್ಯಾ? ಬೆಳಗಿಂದ ಹೋಗೋದು ಬರೋದು, ಹೋಗೋದು ಬರೋದು!" ಎಂದು ನಗುತ್ತಿದ್ದಳು. ನಗಲಿ. ಹೋದವರು ಬರುತ್ತಾರೆ ಎನ್ನುವುದನ್ನು ಆ ನಾಯಿಗೆ ಮತ್ತೆ ಕಲಿಸಬೇಕಿತ್ತು.

ಅವಳು ಕಲಿತಳು. ಆಗ ಬಂತು ನಿನ್ನ ಫೋನು. "ಆ ನಾಯಿ ನಂದು ಕಣೇ. ಮೇಳಕ್ಕೆ ಬರ್ತೀನಿ. ಒಂದ್ ಸಿಳ್ಳೆ ಹಾಕಿದ್ರೆ ಸಾಕು, ನಿನ್ ಕಡೆ ತಿರುಗೀನೂ ನೋಡಲ್ಲ. ಹಂಗೇ ಕರ್ಕೊಂಡ್ ಹೋಗ್ತೀನಿ, ನೋಡ್ತಿರು." "ಬಾ" ಎಂದೆ.

ಮೇಳದ ನಾಯಿಗಳ ಸ್ಪರ್ಧೆಯಲ್ಲಿ 'ಇರು' ಎಂದು ನಾಯಿಗಳನ್ನು ಮಲಗಿಸಿ, ಯಜಮಾನರಾದ ನಾವೆಲ್ಲ ದನದ ಕೊಟ್ಟಿಗೆಯ ಹಿಂದೆ ಮರೆಯಾಗಬೇಕು. ಅಲ್ಲಿಂದ ಏನೂ ಕಾಣದು. ನಿನ್ನ ಸಿಳ್ಳೆ ಕೇಳಿಸಿತು. ಮತ್ತೆ ಕೇಳಿಸಿತು. ಆಮೇಲೆ "ಟಿಲ್ಲೀ, ಬಾರೇ ಚಿನ್ನಾ!" ಸ್ಪರ್ಧೆಯ ಜಾಗದ ಸುತ್ತ ಕಟ್ಟಿದ್ದ ಹಗ್ಗದ ಬಳಿಯೇ ಇದ್ದ ಬರ್ನೀಸ್ ಎಲ್ಲ ನೋಡಿದ್ದಾಳೆ. ಟಿಲ್ಲಿಯ ಕಿವಿ ನಿಮಿರಿತಂತೆ, ಮೈ ಅದುರಿತಂತೆ, ಬಾಲ ಒಮ್ಮೆ ಹುಲ್ಲಿಗೆ ಬಡಿಯಿತಂತೆ. ಮರೆತಿರಲಿಲ್ಲ ಅವಳು ನಿನ್ನನ್ನು. ಆದರೂ ಗದ್ದವನ್ನು ಮುಂಗಾಲ ಮೇಲಿಟ್ಟು, ಕೊಟ್ಟಿಗೆಯ ಕಡೆಗೇ ನೋಡುತ್ತಾ ಮಲಗಿದಳಂತೆ. ನಿನ್ನ ಹಳೆಯ ಶಿಷ್ಯನೊಬ್ಬ, "ಗುರುಗಳೇ, ದೂರದಿಂದ ಕರೀಬಾರ್ದು ಅಂತ ನೀವೇ ಬೈತಿದ್ರಲ್ಲ!" ಎಂದನಂತೆ. ಜನ ಗೊಳ್ಳೆಂದು ನಕ್ಕರು, ಅದು ನನಗೂ ಕೇಳಿಸಿತು. ಹಗ್ಗ ದಾಟಿ ಅವಳ ಬಳಿಗೆ ಹೋಗಬೇಕೆಂದು ನಿನಗೆ ಆಗಲೂ ಹೊಳೆಯಲಿಲ್ಲವಲ್ಲ!

ನಾನು ಹೋದೆ. ಪಕ್ಕದಲ್ಲಿ ನಿಂತು "ಸಾಕು ಮಗಳೇ, ಏಳು" ಎಂದೆ.

ನಾನೂ ಎದ್ದಿದ್ದೇನೆ, ಆರ್ಲೋ. ಏಳಿಸಲು ಯಾರೂ ಬರಲಿಲ್ಲ, ನಾನೇ ಎದ್ದೆ. ಬಾಗಿಲಿನ ಬೀಗ ಬದಲಾಯಿಸಿದ್ದೇನೆ. ಶನಿವಾರದ ಪಾಠ ಈಗ ನನ್ನದು, ಬೈಗುಳ ಮಾತ್ರ ನಿನ್ನದೇ.

ಇಂತಿ,
ಟಿಲ್ಲಿಯ ಯಜಮಾನಿ
ನೋರೀನ್

ಚೆನ್ನಾಗಿರು. ಎಲ್ಲಿದ್ದೀಯೋ ಅಲ್ಲೇ ಇರು.