ಎಡಗಡೆಯ ಗೋಡೆ

ಫೆಬ್ರವರಿ ೧೮
ಮನೆಯಿಂದ

ಪ್ರೀತಿಯ ಪುಟ್ಟಿ,

ನಿನ್ನ ಎರಡೂ ಕಾಗದ ಬಂದವು. ಉತ್ತರ ಬರೆಯದೆ ಕೂತ ಅಮ್ಮನ ಮೇಲೆ ಮುನಿಯಬೇಡ. ಕೈತುಂಬ ಬಣ್ಣ ಇದ್ದಾಗ ಪೆನ್ನು ಹಿಡಿಯಲು ಮನಸ್ಸೇ ಬರುವುದಿಲ್ಲ. ಈಗ ಕೈ ತೊಳೆದಿದ್ದೇನೆ. ಗ್ರಂಥಾಲಯದ ಗೋಡೆಚಿತ್ರ ಮುಗಿಯಿತು.

"ಅಪ್ಪ ಓಡಾಡ್ತಿದ್ದಾರೆ" ಎಂದು ಫೋನಿನಲ್ಲಿ ಹೇಳಿದ್ದೆನಲ್ಲ, ಅದು ನಿಜ. ಹೇಳದೆ ಉಳಿಸಿಕೊಂಡದ್ದು ಇನ್ನೊಂದಿದೆ. ಸ್ಟ್ರೋಕ್ ಆದ ಮೇಲೆ ಅವರ ಪಾಲಿಗೆ ಎಡಗಡೆ ಎನ್ನುವುದೇ ಇಲ್ಲವಾಗಿದೆ. ಕಣ್ಣು ಚೆನ್ನಾಗಿದೆ, ಗಮನ ಆ ಕಡೆ ಹೋಗುವುದಿಲ್ಲ ಎನ್ನುತ್ತಾರೆ ಡಾಕ್ಟರು. ತಟ್ಟೆಯ ಬಲ ಅರ್ಧ ಉಂಡು, "ಇನ್ನೊಂಚೂರು ಬಡಿಸೇ" ಎನ್ನುತ್ತಾರೆ. ನಾನು ತಟ್ಟೆ ತಿರುಗಿಸಿ ಇಡುತ್ತೇನೆ.

ಆದರೂ ಗೋಡೆಯನ್ನು ಬಿಡಲಿಲ್ಲ. ನಮ್ಮಿಬ್ಬರ ಪಾಲು ನಿನಗೆ ಗೊತ್ತು: ರೇಖೆ ಅವರದು, ಬಣ್ಣ ನನ್ನದು. ಬಲಗಡೆ ದೊಡ್ಡದೊಂದು ಮರ ಎಳೆದರು, ಅದರಡಿ ಓದುತ್ತ ಕೂತ ಜನ. ಆ ಬೆನ್ನುಗಳ ಬಾಗು ಒಂದರ ಹಿಂದೊಂದು ಅಲೆಯಂತೆ ಸಾಗುತ್ತದೆ. ಕೈಯಲ್ಲಿನ ಲಯ ಎಲ್ಲೂ ಹೋಗಿಲ್ಲ. ಆಮೇಲೆ ಇದ್ದಿಲು ಕೆಳಗಿಟ್ಟು, "ಮುಗೀತು. ಗೋಡೆ ತುಂಬ್ತು" ಎಂದರು. ಎಡಕ್ಕೆ ಅರ್ಧ ಗೋಡೆ ಬೋಳಾಗಿತ್ತು.

ಗ್ರಂಥಪಾಲಕಿ ನನ್ನನ್ನು ಪಕ್ಕಕ್ಕೆ ಕರೆದು, "ಅಕ್ಕ, ಆ ಕಡೆಗೂ ಒಂದು ಮರ ಬರೆದುಬಿಡಿ, ಸಮ ಆಗುತ್ತೆ" ಎಂದಳು. ಸೀಮೆಸುಣ್ಣದಲ್ಲಿ ಎಳೆದು ನೋಡಿದೆ. ಬಾಗಿಲಿಗೆ ಇಬ್ಬರು ಕಾವಲುಗಾರರು ನಿಂತ ಹಾಗಿತ್ತು. ಇಬ್ಬರೂ ನಕ್ಕೆವು. ಅಳಿಸಿದೆ.

ಅವರು ಬಿಟ್ಟ ಜಾಗವನ್ನು ತುಂಬಿ ಮುಚ್ಚಿಹಾಕಲು ನನಗೆ ಮನಸ್ಸಾಗಲಿಲ್ಲ. ಖಾಲಿ ಜಾಗವೂ ಚಿತ್ರವೇ. ಅದಕ್ಕೆ ನಸುಹಳದಿ ಬೆಳಕು ಬಳಿದು, ದೂರದ ಅಂಚಿನಲ್ಲಿ ಕೆಂಪು ಅಂಗಿಯ ಹುಡುಗಿಯೊಬ್ಬಳನ್ನು ಇಟ್ಟೆ. ಪುಸ್ತಕ ಅವಚಿಕೊಂಡು ಮರದ ಕಡೆಗೆ ಓಡಿ ಬರುವವಳು. ಗೇಣುದ್ದದವಳು. ಆದರೆ ಕಡುಹಸಿರಿನ ಅಷ್ಟು ದೊಡ್ಡ ಮರವನ್ನು ಅವಳೊಬ್ಬಳೇ ಸರಿತೂಗಿಸುತ್ತಾಳೆ. ತೂಕ ಗಾತ್ರದಲ್ಲಿಲ್ಲ ಪುಟ್ಟಿ, ಎಲ್ಲಿಟ್ಟೆವು, ಯಾವ ಬಣ್ಣ ಕೊಟ್ಟೆವು ಎನ್ನುವುದರಲ್ಲಿದೆ. ಇದು ನನ್ನ ಒಳ್ಳೆಯ ಕೆಲಸ, ಹೇಳಿಕೊಳ್ಳಲು ಸಂಕೋಚವಿಲ್ಲ.

ನಿನ್ನೆ ಅಪ್ಪನನ್ನು ಕರೆದೊಯ್ದೆ. ಮರವನ್ನೇ ನೋಡುತ್ತ, "ನೀನೇನು ಬರೆದೆ, ಎಲ್ಲಿದೆ?" ಎಂದರು. ಗಲ್ಲ ಹಿಡಿದು ಮೆಲ್ಲಗೆ ಎಡಕ್ಕೆ ತಿರುಗಿಸಿದೆ. ಕೆಂಪು ಕಣ್ಣಿಗೆ ಬಿತ್ತು. ಅಲ್ಲಿಂದ ಮರದವರೆಗೂ ಮೆಲ್ಲಗೆ ಕಣ್ಣಾಡಿಸಿದರು.

"ಇಷ್ಟು ಜಾಗ ಇತ್ತೇನೇ?" ಎಂದರು. ಆಮೇಲೆ, "ಇವಳಿಲ್ಲದಿದ್ರೆ ನನ್ನ ಮರ ಉರುಳಿಬೀಳ್ತಿತ್ತು."

ಇನ್ನೊಂದು ಗೋಡೆಗೂ ಒಪ್ಪಿಕೊಂಡಿದ್ದೇವೆ. ಈ ಸಲ ಎಡ ಅಂಚಿಗೆ ಮೊದಲೇ ಕೆಂಪು ಪಟ್ಟಿ ಅಂಟಿಸುತ್ತೇನೆ; ಅದು ಕಾಣುವ ತನಕ ತಲೆ ತಿರುಗಿಸಬೇಕು. ಮನೆಯಲ್ಲಿ ಕಾಗದದ ಮೇಲೆ ಅಭ್ಯಾಸ ನಡೆದಿದೆ. ಗೊಣಗುತ್ತಾರೆ, ಕಲಿಯುತ್ತಾರೆ.

ಹೊತ್ತಿಗೆ ಸರಿಯಾಗಿ ಉಣ್ಣು. ನೀನು ಹಿಡಿದ ಕೆಲಸ ನಿನ್ನ ಕೈಹಿಡಿಯಲಿ.

ನಿನ್ನ
ಅಮ್ಮ

ತಾ.ಕ.: ಮದುವೆಯಾದಾಗಿನಿಂದ ನಾನು ಮಲಗುವುದು ಅವರ ಎಡಕ್ಕೆ. ಆಸ್ಪತ್ರೆಯಿಂದ ಬಂದ ದಿನ ನಾನು ಪಕ್ಕದಲ್ಲೇ ಇದ್ದರೂ, "ಎಲ್ಲೇ ಹೋದೆ?" ಎಂದು ಬಾಗಿಲ ಕಡೆಗೆ ಕೂಗಿದರು. "ಇಲ್ಲೇ ಇದ್ದೀನಿ" ಎಂದರೂ ಹುಡುಕುತ್ತಲೇ ಇದ್ದರು. ಈಗ ಬಲಕ್ಕೆ ಬಂದಿದ್ದೇನೆ. ಈ ಕಡೆ ನನಗೆ ನಿದ್ದೆ ಇನ್ನೂ ಹತ್ತುವುದಿಲ್ಲ. ನೀನು ಬಂದಾಗ ಅವರ ಬಲಗಡೆಯಿಂದಲೇ ಬಾ, ಮಗಳೇ.