ಸಾಲದೆ ಹೋದ ಮಣ್ಣು

ಜೂನ್ ೧೧, ಗುರುವಾರ

ಮಣ್ಣು ಸಾಲಲಿಲ್ಲ. ಸೈಟ್ ಎಂಜಿನಿಯರ್ ನಾನು, ಲೆಕ್ಕ ನನ್ನದೇ. ಪಾಯದ ಹೊಂಡದ ಅಳತೆಯಲ್ಲಿ ಕಾಂಕ್ರೀಟಿನ ಜಾಗ ಕಳೆದು, ಉಳಿದಷ್ಟಕ್ಕೆ ಲಾರಿ ಹೇಳಿದ್ದೆ. ಸಡಿಲ ಮಣ್ಣು ಬಡಿದು ದಮ್ಮಸ್ಸು ಮಾಡಿದರೆ ಕುಗ್ಗುತ್ತದೆ ಎಂಬುದನ್ನೇ ಮರೆತೆ. ಸಂಜೆಯಾದರೂ ಎದೆಯಾಳ ತುಂಬುವುದು ಬಾಕಿ, ಆಕಾಶ ಕಪ್ಪಿಟ್ಟಿತ್ತು. ಹೊಂಡದ ಅಂಚಿನಲ್ಲೇ ಪಕ್ಕದ ಟೈಲರ್ ಅಕ್ಕನ ಮನೆಗೋಡೆ. ಅದರ ಆಸರೆಗಿದ್ದ ಹಲಗೆಗಳನ್ನು ಬೆಳಿಗ್ಗೆಯೇ ತೆಗೆಸಿಬಿಟ್ಟಿದ್ದೆ.

"ಕೊನೇ ಲಾರಿ ಮಣ್ಣನ್ನ ಗೋಡೆ ಕಡೆ ಹಾಗೇ ಸುರಿದುಬಿಡೋಣ ಮೇಡಂ. ನೋಡೋರಿಗೆ ತುಂಬಿದ ಹಾಗೆ ಕಾಣುತ್ತೆ" ಎಂದ ಮೇಸ್ತ್ರಿ.

ನಾನು ಹೂಂ ಅಂದುಬಿಟ್ಟೆ. ಅಷ್ಟರಲ್ಲಿ ಅಕ್ಕ ಕಿಟಕಿಯಿಂದ ಕೇಳಿದರು, "ಎಲ್ಲಾ ತುಂಬಿತೇನಮ್ಮ? ಅಮ್ಮನ್ನ ಈ ಕೋಣೇಲೇ ಮಲಗಿಸ್ಲಾ?"

ಕಿಟಕಿಯ ಹತ್ತಿರ ಹೋದೆ. "ಬೇಡ ಅಕ್ಕ. ನನ್ನ ಲೆಕ್ಕ ತಪ್ಪಿದೆ. ಇವತ್ತೊಂದು ರಾತ್ರಿ ಮನೆ ಬಿಡಿ."

ಮೇಸ್ತ್ರಿ ಮುಖ ಗಂಟಿಕ್ಕಿದ. ಅಕ್ಕ ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ನಾವಿಬ್ಬರೂ ಸೇರಿ ಅವರ ಅಮ್ಮನನ್ನು ಹಿಡಿದುಕೊಂಡು ನಮ್ಮ ಮನೆಗೇ ಕರೆತಂದೆವು. ನನ್ನ ಹಾಸಿಗೆಯಲ್ಲಿ ಅಜ್ಜಿ, ನೆಲದ ಮೇಲೆ ಅಕ್ಕ. ಅಡುಗೆಮನೆಯಲ್ಲಿ ಕೂತು ಹೊಸದಾಗಿ ಲೆಕ್ಕ ಹಾಕಿದೆ. ಈ ಸಲ ಕಾಲು ಭಾಗ ಹೆಚ್ಚಿಗೆ ಹಿಡಿದೆ. ಮಳೆ ಮಾತ್ರ ನನಗಾಗಿ ಕಾಯಲಿಲ್ಲ.

ಈಗ ತಾನೆ ಸೈಟಿನ ವಾಚ್‌ಮನ್ ಫೋನ್ ಮಾಡಿದ್ದ. "ಮೇಡಂ, ಆ ಗೋಡೆ ಕುಸಿದು ಮನೇನೇ ಕೂತುಬಿಡ್ತು. ಒಳಗೆ ಯಾರೂ ಇಲ್ಲ ತಾನೆ?"

"ಯಾರೂ ಇಲ್ಲ" ಎಂದೆ. ಅವರು ಬದುಕಿದ್ದಾರೆ ಎಂಬ ಸಮಾಧಾನ ಒಂದು ಉಸಿರಿನಷ್ಟು ಹೊತ್ತೂ ನಿಲ್ಲಲಿಲ್ಲ, ಅವರಿಗೆ ಮನೆಯಿಲ್ಲ.

ಕೋಣೆಯಲ್ಲಿ ದೀಪ ಹತ್ತಿತು. "ಯಾರಮ್ಮ ಫೋನಲ್ಲಿ?" ಎನ್ನುತ್ತಿದ್ದಾರೆ ಅಕ್ಕ. ಎದ್ದು ಹೋಗಬೇಕು. ಏನಂತ ಶುರು ಮಾಡಲಿ? ಮೊದಲು ಅವರನ್ನು ಕೂರಿಸಿ, ಆಮೇಲೆ ನಾನೇ ಹೇಳಬೇಕು.